ಬೈತಲೆ ಅಗಲವಾಗುವ ವಯಸ್ಸು

ಯಲ್ಲಾಪುರ ತಾಲ್ಲೂಕಿನ ನಂದೊಳ್ಳಿ ಕಡೆ ಅಡಕೆ ಸುಲಿಯುವ ಹಂಗಾಮಿನಲ್ಲಿ ನಾಲ್ಕಾರು ಹೆಂಗಸರು ಒಟ್ಟಿಗೆ ಕೂತರೆ ಮಾತು ಮಂಡಿನೋವು, ಸಕ್ಕರೆ ಕಾಯಿಲೆಗಳನ್ನು ದಾಟಿ ಕೂದಲಿಗೆ ಬಂದೇ ಬರುತ್ತದೆ. ನಲವತ್ತು ದಾಟಿದ ಮೇಲೆ ಜಡೆ ಸಪೂರವಾಯಿತು, ತುರುಬು ಅಂಗೈಯಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಯಿತು, ಕುಂಕುಮ ಇಡುವ ಬೈತಲೆ ದಾರಿ ಅಗಲವಾಯಿತು ಎಂಬ ದೂರು ಸಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯಲ್ಲೂ ಹೊಸತಲ್ಲ. ಕಾರಣ ಕೇಳಿದರೆ ಉಷ್ಣ, ಪಿತ್ತ, ಬೋರಿನ ನೀರು, ಶಾಂಪೂ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಟ್ಟು ಏರುಪೇರಾಗುತ್ತಿರುವ ಕಾಲ ಇದು ಎಂಬುದನ್ನು ಮಾತ್ರ ಯಾರೂ ಕೂದಲಿನ ಜೊತೆ ಸೇರಿಸಿ ನೋಡುವುದಿಲ್ಲ.

ವೈದ್ಯಶಾಸ್ತ್ರವೂ ಬಹುಕಾಲ ಸೇರಿಸಿ ನೋಡಲಿಲ್ಲ. ಇದಕ್ಕೆ ಸ್ತ್ರೀ ಮಾದರಿಯ ಕೂದಲುದುರುವಿಕೆ ಎಂಬ ಪ್ರತ್ಯೇಕ ಹೆಸರು ನೆಲೆಯಾಗಿ ಇನ್ನೂ ಮೂರು ದಶಕ ಸರಿಯಾಗಿ ಕಳೆದಿಲ್ಲ. ಬೋಳುತನದ ವಿಜ್ಞಾನ ಶುರುವಾದದ್ದು ಗಂಡಸಿನ ತಲೆಯಿಂದ. ಕಾರಣ, ಅಳತೆ, ಔಷಧ ಎಲ್ಲವೂ ಮೊದಲು ಅವನಿಗೆ, ಆಮೇಲೆ ಅವಳಿಗೆ ಎಂಬಂತೆ ಬಂದವು. ಹಾಗಾಗಿ ಹೆಂಗಸರ ಪಾಲಿಗೆ ಈ ಚರಿತ್ರೆ ತಡವಾಗಿ ಬಂದ ತಿಳಿವಳಿಕೆಯ ಚರಿತ್ರೆ. ಬಂದಿರುವಷ್ಟು ತಿಳಿವಳಿಕೆಯಾದರೂ ನಮ್ಮ ಊರುಗಳ ಹೆಂಗಸರಿಗೆ ಕೂದಲು ಇರುವಾಗಲೇ ತಲುಪಬೇಕು ಎಂಬುದು ಈ ಸಮೀಕ್ಷೆಯ ಕಾಳಜಿ.

ಹಿಂದಿನವರು ಕಂಡದ್ದು, ಕಾಣದೇ ಹೋದದ್ದು

ಆಯುರ್ವೇದದ ಸಂಹಿತೆಗಳು ಕೂದಲುದುರುವ ತೊಂದರೆಗಳನ್ನು ಇಂದ್ರಲುಪ್ತ, ಖಾಲಿತ್ಯ ಎಂದೆಲ್ಲ ಬೇರೆ ಬೇರೆ ಹೆಸರಿಟ್ಟು ವಿವರಿಸಿವೆ. ಸುಶ್ರುತ ಸಂಹಿತೆಯ ವ್ಯಾಖ್ಯಾನ ಪರಂಪರೆಯಲ್ಲಿ ವಿದೇಹ ಎಂಬ ಹಳೆಯ ಆಚಾರ್ಯನ ಹೆಸರಿನಲ್ಲಿ ಒಂದು ಮಾತು ಬರುತ್ತದೆ: ಹೆಂಗಸರಿಗೆ ಖಾಲಿತ್ಯ ಬರುವುದಿಲ್ಲ, ಏಕೆಂದರೆ ಅವರ ದೋಷ ಮಾಸಿಕ ಸ್ರಾವದಲ್ಲಿ ಹೊರಹೋಗುತ್ತದೆ. ಕಾರಣದ ವಿವರಣೆಯನ್ನು ಇವತ್ತು ಒಪ್ಪಲಾಗದು. ಆದರೆ ಮುಟ್ಟು ಇರುವ ವಯಸ್ಸಿನಲ್ಲಿ ಹೆಣ್ಣಿನ ಕೂದಲಿಗೆ ಏನೋ ಒಂದು ರಕ್ಷಣೆ ಇದೆ ಎಂಬ ಗಮನಿಕೆ ಅದರಲ್ಲಿದೆ. ಆ ರಕ್ಷಣೆ ಮುಟ್ಟು ನಿಂತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಆ ಮಾತು ಕೇಳಲಿಲ್ಲ. ಗ್ರೀಸಿನಲ್ಲಿ ಹಿಪ್ಪೊಕ್ರೇಟಸ್ ಕೂಡ ನಪುಂಸಕರು ಬೋಳಾಗುವುದಿಲ್ಲವೆಂದು ಗುರುತಿಸಿದ್ದ. ಎರಡೂ ಕಡೆ ಕಣ್ಣು ಚುರುಕಾಗಿತ್ತು, ಆದರೆ ನಡುವಯಸ್ಸು ದಾಟಿದ ಹೆಣ್ಣು ಲೆಕ್ಕಕ್ಕೆ ಬರಲಿಲ್ಲ.

ಮನೆಮದ್ದಿನ ಪರಂಪರೆ ನಮ್ಮಲ್ಲಿ ಸಮೃದ್ಧವಾಗಿತ್ತು. ಸೀಗೆಕಾಯಿ, ಅಂಟುವಾಳ, ದಾಸವಾಳದ ಎಲೆ ಕಿವುಚಿದ ಗೊಂಪು ತಲೆ ತೊಳೆಯಲು; ಗರುಗ, ಒಂದೆಲಗ, ನೆಲ್ಲಿಕಾಯಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಹಚ್ಚಲು. ಇವೆಲ್ಲ ಕೂದಲನ್ನು ಚೆನ್ನಾಗಿ ಇಡುವ ಕ್ರಮಗಳು. ತೆಳುವಾದ ನೆತ್ತಿಗೆ ಇವು ಎಷ್ಟು ಒದಗುತ್ತವೆ ಎಂಬುದನ್ನು ಮುಂದೆ ನೋಡೋಣ.

ವಯಸ್ಸಾದ ಹೆಂಗಸರ ಕೂದಲು ಕಾಯಿಲೆಯ ದಾಖಲೆಗೆ ಸೇರದೇ ಹೋಗಲು ಇಲ್ಲಿ ಇನ್ನೊಂದು ಕಾರಣವಿತ್ತು. ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸುವ ಪದ್ಧತಿ ಇಪ್ಪತ್ತನೆಯ ಶತಮಾನದೊಳಕ್ಕೂ ನಡೆದುಬಂತು. ಮಲೆನಾಡಿನ ಅಂಥ ಒಂದು ಬಾಳನ್ನು ಎಂ.ಕೆ. ಇಂದಿರಾ ‘ಫಣಿಯಮ್ಮ’ ಕಾದಂಬರಿಯಲ್ಲಿ ದಾಖಲಿಸಿದ್ದಾರೆ. ಆ ಪದ್ಧತಿ ಇದ್ದ ಸಮಾಜದಲ್ಲಿ ಕೂದಲು ಮುತ್ತೈದೆತನದ ಗುರುತೇ ಆಗಿತ್ತು. ಪದ್ಧತಿ ಹೋಯಿತು, ಅದು ಬಿತ್ತಿದ ಅಳುಕು ಪೂರ್ತಿ ಹೋಗಲಿಲ್ಲ. ಇವತ್ತಿಗೂ ನೆತ್ತಿ ಕಾಣಿಸತೊಡಗಿದ ಹೆಂಗಸು ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಾಳೆ, ಮದುವೆ ಮನೆಗೆ ಹೋಗಲು ಹಿಂದೇಟು ಹಾಕುತ್ತಾಳೆ. ಆಕೆಯ ಸಂಕಟವನ್ನು ಸೌಂದರ್ಯದ ಹುಚ್ಚು ಎಂದು ತಳ್ಳಿಹಾಕುವುದು ಅನ್ಯಾಯ. ಕೂದಲುದುರುವಿಕೆ ಗಂಡಸರಿಗಿಂತ ಹೆಂಗಸರ ಮನಸ್ಸನ್ನು ಹೆಚ್ಚು ಘಾಸಿಗೊಳಿಸುತ್ತದೆ ಎಂಬುದನ್ನು ಅಮೆರಿಕದ ಥಾಮಸ್ ಕ್ಯಾಶ್ ಮತ್ತು ಸಂಗಡಿಗರು 1993ರಲ್ಲೇ ಹೋಲಿಸಿ ತೋರಿಸಿದ್ದಾರೆ.

ಹ್ಯಾಮಿಲ್ಟನ್‌ನಿಂದ ಲುಡ್ವಿಗ್‌ವರೆಗೆ

ಆಧುನಿಕ ಅಧ್ಯಯನದ ಮೊದಲ ಮೈಲಿಗಲ್ಲು 1942. ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್, ಎಳೆಯ ವಯಸ್ಸಿನಲ್ಲಿ ವೃಷಣ ಕಳೆದುಕೊಂಡ ಗಂಡಸರು ಬೋಳಾಗುವುದಿಲ್ಲ, ಅನುವಂಶೀಯ ಒಲವು ಇದ್ದವರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ ಬೋಳಾಗತೊಡಗುತ್ತಾರೆ ಎಂದು ತೋರಿಸಿದರು. 1951ರಲ್ಲಿ ಅವರೇ ಬೋಳುತನದ ಹಂತಗಳ ಪಟ್ಟಿ ಮಾಡಿದರು. 1975ರಲ್ಲಿ ನಾರ್ವುಡ್ ಅದನ್ನು ತಿದ್ದಿದರು. ಹಣೆಯ ಎರಡು ಮೂಲೆ ಹಿಂದೆ ಸರಿಯುವುದು, ನೆತ್ತಿ ಬೋಳಾಗುವುದು, ಕೊನೆಗೆ ಕಿವಿಯ ಮೇಲೆ ಕುದುರೆ ಲಾಳದ ಆಕಾರದಲ್ಲಷ್ಟೇ ಕೂದಲು ಉಳಿಯುವುದು ಎಂಬ ಚಿತ್ರ ಹೀಗೆ ಬಂತು. ಇದು ಗಂಡಸಿನ ಚಿತ್ರ.

ಹೆಂಗಸರಿಗಾಗಿ ಬೇರೆ ಪಟ್ಟಿ ಬರಲು 1977ರವರೆಗೆ ಕಾಯಬೇಕಾಯಿತು. ಜರ್ಮನಿಯ ಚರ್ಮವೈದ್ಯ ಎರಿಕ್ ಲುಡ್ವಿಗ್ ಹೆಂಗಸರ ಕೂದಲು ನಷ್ಟವನ್ನು ಮೂರು ದರ್ಜೆಯಾಗಿ ವಿಂಗಡಿಸಿದರು. ಹಣೆಯ ಅಂಚಿನ ಸಾಲು ಹಾಗೇ ಉಳಿದು ಅದರ ಹಿಂದಿನ ನೆತ್ತಿ ಭಾಗ ಒಟ್ಟಾರೆ ತೆಳುವಾಗುತ್ತ ಹೋಗುವುದು ಅವರು ಗುರುತಿಸಿದ ಲಕ್ಷಣ. 1990ರ ದಶಕದಲ್ಲಿ ಅಮೆರಿಕದ ಎಲಿಸ್ ಓಲ್ಸನ್, ಬೈತಲೆಯು ಹಣೆಯ ಕಡೆ ಅಗಲವಾಗಿ ಹಿಂದಕ್ಕೆ ಹೋದಂತೆ ಕಿರಿದಾಗುವ ಇನ್ನೊಂದು ವಿನ್ಯಾಸವನ್ನು ವಿವರಿಸಿದರು. ಆಮೇಲೆ ಮೆಲ್ಬರ್ನಿನ ರಾಡ್ನಿ ಸಿಂಕ್ಲೇರ್ ಬೈತಲೆಯ ಅಗಲವನ್ನೇ ಆಧಾರವಾಗಿಟ್ಟುಕೊಂಡು ಐದು ಹಂತಗಳ ಪಟ್ಟಿ ಕೊಟ್ಟರು. ಇವತ್ತು ಚಿಕಿತ್ಸಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಇವೇ.

ಈ ಹೆಂಗಸರಲ್ಲಿ ಹೆಚ್ಚಿನವರ ರಕ್ತದಲ್ಲಿ ಆಂಡ್ರೋಜೆನ್ ಎಂಬ ಗಂಡು ಹಾರ್ಮೋನು ಜಾಸ್ತಿ ಇರುವುದೇ ಇಲ್ಲ ಎಂಬುದು ಸ್ಪಷ್ಟವಾಗುತ್ತ ಬಂದಂತೆ ಹೆಸರೂ ಬದಲಾಯಿತು. ‘ಆಂಡ್ರೋಜೆನಿಕ್’ ಎಂಬ ಹಣೆಪಟ್ಟಿಯ ಜಾಗಕ್ಕೆ ಸ್ತ್ರೀ ಮಾದರಿಯ ಕೂದಲುದುರುವಿಕೆ ಎಂಬ ಹೆಸರು ಬಂದು ಕೂತಿತು. 2006ರಿಂದೀಚೆಗೆ ಟ್ರೈಕೋಸ್ಕೋಪಿ ಎಂಬ ಪರೀಕ್ಷೆ ಬಳಕೆಗೆ ಬಂತು. ನೆತ್ತಿಯ ಚರ್ಮವನ್ನು ದೀಪವಿರುವ ಭೂತಗನ್ನಡಿಯಿಂದ ನೋಡಿದರೆ ಒಂದೇ ಚದರದಲ್ಲಿ ದಪ್ಪ ಎಳೆ, ಸಪೂರ ಎಳೆ, ತೀರ ನವಿರಾದ ಎಳೆ ಅಕ್ಕಪಕ್ಕ ನಿಂತಿರುವುದು ಕಾಣುತ್ತದೆ. ಎಳೆಗಳ ದಪ್ಪದಲ್ಲಿ ಶೇ 20ಕ್ಕಿಂತ ಹೆಚ್ಚು ಏರುಪೇರಿದ್ದರೆ ಅದು ಈ ಕಾಯಿಲೆಯ ಗಟ್ಟಿ ಸುಳಿವು. ನೆತ್ತಿಯ ಚರ್ಮದ ಚೂರು ಕತ್ತರಿಸಿ ತೆಗೆಯುವ ಬಯಾಪ್ಸಿ ಹೆಚ್ಚಿನವರಿಗೆ ಬೇಕಾಗದಂತೆ ಆದದ್ದು ಇದರಿಂದ.

ಬುಡದಲ್ಲಿ ನಡೆಯುವುದೇನು

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಮೂರು ತಿಂಗಳ ಆಸುಪಾಸು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಸ್ತ್ರೀ ಮಾದರಿಯ ತೊಂದರೆಯಲ್ಲಿ ಬುಡ ಸಾಯುವುದಿಲ್ಲ, ಚಿಕ್ಕದಾಗುತ್ತದೆ. ಬೆಳೆಯುವ ಕಾಲ ಮೊಟಕಾಗುತ್ತದೆ, ಪ್ರತಿ ಸುತ್ತಿನಲ್ಲಿ ಹುಟ್ಟುವ ಎಳೆ ಹಿಂದಿನದಕ್ಕಿಂತ ಗಿಡ್ಡ, ಸಪೂರ. ಹಾಗಾಗಿ ಬಾಚಣಿಗೆಗೆ ಬರುವ ಕೂದಲು ಹೆಚ್ಚದೆಯೂ ನೆತ್ತಿ ತೆಳುವಾಗುತ್ತ ಹೋಗಬಹುದು. ಬುಡ ಜೀವಂತ ಇರುವಷ್ಟು ಕಾಲ ಅದನ್ನು ಮತ್ತೆ ದಪ್ಪ ಮಾಡುವ ಅವಕಾಶವಿದೆ. ತೀರ ತಡವಾದರೆ ಅದು ಕೈತಪ್ಪುತ್ತದೆ.

ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಕೂದಲು ಬೆಳೆಯುವ ಕಾಲವನ್ನು ಲಂಬಿಸುತ್ತದೆ. ಬಸಿರಿನಲ್ಲಿ ಕೂದಲು ದಟ್ಟವಾಗಿ ಕಂಡು ಬಾಣಂತನದಲ್ಲಿ ಉದುರುವುದಕ್ಕೆ ಅದೇ ಕಾರಣ. ಅದಲ್ಲದೆ ಟೆಸ್ಟೊಸ್ಟೆರೋನನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುವ ಅರೊಮಟೇಸ್ ಎಂಬ ಕಿಣ್ವ ಹೆಂಗಸರ ನೆತ್ತಿಯಲ್ಲಿ, ಅದರಲ್ಲೂ ಹಣೆಯ ಅಂಚಿನಲ್ಲಿ, ಗಂಡಸರಿಗಿಂತ ಹೆಚ್ಚಿದೆ ಎಂದು 1997ರಲ್ಲಿ ಮಾರ್ಟಿ ಸಾವಯಾ ಮತ್ತು ವೆರಾ ಪ್ರೈಸ್ ತೋರಿಸಿದರು. ಹೆಂಗಸರ ಹಣೆಯ ಸಾಲು ಉಳಿಯುವುದರ ಗುಟ್ಟು ಇದರಲ್ಲಿರಬೇಕು.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು. ಪಶ್ಚಿಮದ ದೇಶಗಳಲ್ಲಿ 51. ಎಂದರೆ ಅದರ ಮುಂಚಿನ ಏರುಪೇರಿನ ವರ್ಷಗಳು ನಮ್ಮಲ್ಲಿ ನಲವತ್ತರ ಹೊಸ್ತಿಲಲ್ಲೇ ಶುರುವಾಗಬಹುದು. 2001ರಲ್ಲಿ ರೂಪಿಸಿ 2011ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಹಂತಪಟ್ಟಿಯ ಪ್ರಕಾರ, ಒಂದು ಮುಟ್ಟಿನ ಚಕ್ರಕ್ಕೂ ಮುಂದಿನದಕ್ಕೂ ಏಳು ದಿನ ಅಥವಾ ಹೆಚ್ಚು ವ್ಯತ್ಯಾಸ ಪದೇ ಪದೇ ಬಂದರೆ ಆ ಕಾಲ ಆರಂಭವಾಯಿತು. 60 ದಿನ ಮೀರಿ ಮುಟ್ಟು ಬಾರದಿದ್ದರೆ ಕೊನೆಯ ಹಂತ. 12 ತಿಂಗಳು ಬಾರದಿದ್ದರೆ ನಿಂತಿತು ಎಂದರ್ಥ. ಈ ಅವಧಿಯಲ್ಲಿ ಈಸ್ಟ್ರೋಜೆನ್ ಏರಿಳಿದು ಕೊನೆಗೆ ಕುಸಿಯುತ್ತದೆ. ಆಂಡ್ರೋಜೆನ್ ಅಷ್ಟು ವೇಗವಾಗಿ ಇಳಿಯುವುದಿಲ್ಲ. ತಕ್ಕಡಿ ವಾಲುತ್ತದೆ, ಅನುವಂಶೀಯ ಒಲವಿದ್ದ ಬುಡಗಳು ಕುಗ್ಗತೊಡಗುತ್ತವೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಲ್ಲಿ ಈಸ್ಟ್ರೋಜೆನ್ ಒಮ್ಮೆಲೇ ಕುಸಿಯುತ್ತದೆ. ಥಾಯ್ಲೆಂಡಿನಲ್ಲಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಟ್ಟು ನಿಂತ ಹೆಂಗಸರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಈ ತೊಂದರೆ ಕಂಡಿತು.

ಉದುರುವುದೆಲ್ಲ ಒಂದೇ ಅಲ್ಲ

ಇದೇ ವಯಸ್ಸಿನಲ್ಲಿ ಬೇರೆ ಕಾರಣಕ್ಕೂ ಕೂದಲು ಹೋಗುತ್ತದೆ. 1961ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ವಿವರಿಸಿದ ಟೆಲೋಜೆನ್ ಎಫ್ಲೂವಿಯಂ ಅವುಗಳಲ್ಲಿ ಮುಖ್ಯ. ಜೋರು ಜ್ವರ, ಶಸ್ತ್ರಚಿಕಿತ್ಸೆ, ದೊಡ್ಡ ದುಃಖ, ಕಟ್ಟುನಿಟ್ಟಿನ ಉಪವಾಸ ಇವುಗಳಾಗಿ ಎರಡು ಮೂರು ತಿಂಗಳ ಮೇಲೆ ಮುಷ್ಟಿಗಟ್ಟಲೆ ಕೂದಲು ಉದುರುತ್ತದೆ. ಕೋವಿಡ್ ಆದ ಮೇಲೆ ಮನೆಮನೆಯಲ್ಲಿ ಕಂಡದ್ದು ಇದೇ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ಸೀಮೆಯನ್ನೂ ಬಿಟ್ಟಿಲ್ಲ. ಅಂಥ ತೀವ್ರ ಜ್ವರದಿಂದ ಎದ್ದವರಿಗೂ ಹೀಗಾಗಬಹುದು. ಸಮಾಧಾನದ ಸಂಗತಿಯೆಂದರೆ, ಕಾರಣ ಸರಿದರೆ ಆರೆಂಟು ತಿಂಗಳಲ್ಲಿ ಈ ಕೂದಲು ತಾನೇ ಮರಳುತ್ತದೆ. ಆದರೆ ಒಳಗೊಳಗೇ ಕುಗ್ಗುತ್ತಿದ್ದ ಬುಡಗಳನ್ನು ಇಂಥ ಉದುರುವಿಕೆ ಬಯಲಿಗೆಳೆಯುವುದೂ ಉಂಟು.

ಎರಡನೆಯದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅತಿಸ್ರಾವ ಸಾಮಾನ್ಯ. ಅದು ಕಬ್ಬಿಣವನ್ನು ಬಸಿದುಹಾಕುತ್ತದೆ. ಸಸ್ಯಾಹಾರದ ಊಟ, ಊಟದ ಬೆನ್ನಿಗೇ ಚಹಾ ಎಂಬ ರೂಢಿ ಇದ್ದ ಮನೆಗಳಲ್ಲಿ ಕೊರತೆ ಇನ್ನೂ ಬೇಗ ಆಗುತ್ತದೆ. ಅದಕ್ಕೇ ಹಿಮೋಗ್ಲೋಬಿನ್ ಜೊತೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ಅಗತ್ಯವೆನಿಸಿದರೆ ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು. ಅತಿಸ್ರಾವವನ್ನು ‘ಈ ವಯಸ್ಸಿನಲ್ಲಿ ಹಾಗೇ’ ಎಂದು ಬಿಡದೆ ಸ್ತ್ರೀರೋಗ ವೈದ್ಯರಿಗೆ ತೋರಿಸಬೇಕು. ಮುಖದ ಮೇಲೆ ಗಡುಸು ಕೂದಲು, ದನಿ ಒಡೆಯುವುದು, ಕೆಲವೇ ತಿಂಗಳಲ್ಲಿ ಕೂದಲು ವೇಗವಾಗಿ ಹೋಗುವುದು ಇದ್ದರೆ ಆಂಡ್ರೋಜೆನ್ ಪರೀಕ್ಷೆಯೂ ಬೇಕು.

ಮೂರನೆಯದು ಕಲೆ ಉಳಿಸಿ ಬುಡವನ್ನೇ ಕೊಲ್ಲುವ ಬಗೆ. 1994ರಲ್ಲಿ ಸಿಡ್ನಿಯ ಸ್ಟೀವನ್ ಕೊಸಾರ್ಡ್ ಮುಟ್ಟು ನಿಂತ ಆರು ಹೆಂಗಸರಲ್ಲಿ ಗುರುತಿಸಿದ ಕಾಯಿಲೆಯಲ್ಲಿ ಹಣೆಯ ಸಾಲೇ ಹಿಂದೆ ಸರಿಯುತ್ತದೆ, ಹುಬ್ಬೂ ಉದುರುತ್ತದೆ, ಚರ್ಮ ನುಣುಪಾಗುತ್ತದೆ. ಆಫ್ರಿಕಾ ಮೂಲದ ಹೆಂಗಸರಲ್ಲಿ ನಡುನೆತ್ತಿಯಿಂದ ಶುರುವಾಗಿ ಸುತ್ತ ಹರಡುವ ಇನ್ನೊಂದು ಬಗೆಯಿದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಅದೇ ಮೂಲದ ಸಿದ್ದಿ ಸಮುದಾಯ ತಲೆಮಾರುಗಳಿಂದ ಬಾಳುತ್ತಿದೆ. ನೇರ ಕೂದಲಿನ ಬೈತಲೆ ನೋಡಿ ಮಾಡಿದ ಲುಡ್ವಿಗ್ ಪಟ್ಟಿಯನ್ನು ಸುರುಳಿಗೂದಲಿನ ಸಿದ್ದಿ ಹೆಂಗಸಿನ ತಲೆಗೆ ಹಾಗೇ ಹೊಂದಿಸಲಾಗದು. ನಮ್ಮ ಸೀಮೆಯ ವೈದ್ಯರು ಇದನ್ನು ಗಮನದಲ್ಲಿಡಬೇಕು. ಕಲೆ ಉಳಿಸುವ ಬಗೆಗಳಲ್ಲಿ ಒಂದೊಂದು ತಿಂಗಳೂ ಮುಖ್ಯ, ಚಿಕಿತ್ಸೆಯೂ ಬೇರೆ.

ಮನೆಯಲ್ಲೇ ಮಾಡಬಹುದಾದ ತಪಾಸಣೆಯೊಂದಿದೆ. ಎಣ್ಣೆ ಹಚ್ಚದ ಒಣ ಕೂದಲಿಗೆ ಹಗಲು ಬೆಳಕಿನಲ್ಲಿ ಬಾಚಣಿಗೆಯ ತುದಿಯಿಂದ ನಡುನೆತ್ತಿಯ ಮೇಲೆ ಬೈತಲೆ ತೆಗೆಯಬೇಕು. ಅಂಥದೇ ಗೆರೆಯನ್ನು ಹಿಂದಲೆಯಲ್ಲೂ ತೆಗೆಸಿ ಮಗಳ ಕೈಲೋ ಸೊಸೆಯ ಕೈಲೋ ಎರಡರದ್ದೂ ಫೋಟೊ ತೆಗೆಸಬೇಕು. ಹಿಂದಲೆಯ ಗೆರೆ ಸಪೂರ, ನೆತ್ತಿಯದು ಅದಕ್ಕಿಂತ ಅಗಲ, ಹಣೆಯ ಅಂಚಿನ ಸಾಲು ಭದ್ರ ಎಂದಾದರೆ ಅದು ಸ್ತ್ರೀ ಮಾದರಿಯ ಸುಳಿವು. ಎರಡೂ ಕಡೆ ಒಂದೇ ಸಮ ತೆಳುವಾಗಿದ್ದರೆ ರಕ್ತ, ಥೈರಾಯ್ಡ್, ಜ್ವರದ ಕಡೆ ನೋಡಬೇಕು. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅದೇ ಬೆಳಕಿನಲ್ಲಿ ತೆಗೆದ ಫೋಟೊ, ದಿನಾ ಕನ್ನಡಿ ನೋಡಿ ಪಡುವ ಅಂದಾಜಿಗಿಂತ ನಂಬಿಕಸ್ಥ ಸಾಕ್ಷಿ.

ರಕ್ತದೊತ್ತಡದ ಗುಳಿಗೆ ನೆತ್ತಿಗೆ ಬಂದ ಬಗೆ

ಇವತ್ತಿನ ಚಿಕಿತ್ಸೆಯ ಬೆನ್ನೆಲುಬು ಮಿನಾಕ್ಸಿಡಿಲ್. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ರಕ್ತದೊತ್ತಡದ ಮದ್ದಾಗಿ ಬೆಳೆಸುತ್ತಿದ್ದಾಗ, ಗುಳಿಗೆ ನುಂಗಿದವರ ಮುಖ, ಕೈಕಾಲುಗಳಲ್ಲಿ ಕೂದಲು ಬೆಳೆಯುವುದು ಕಂಡಿತು. 1979ರಲ್ಲಿ ತೀವ್ರ ರಕ್ತದೊತ್ತಡಕ್ಕೆಂದು ಗುಳಿಗೆಗೆ ಅಲ್ಲಿ ಅನುಮತಿ ಸಿಕ್ಕಿತು. ಅಡ್ಡಪರಿಣಾಮವನ್ನೇ ಪರಿಣಾಮ ಮಾಡಿಕೊಂಡು ತಲೆಗೆ ಹಚ್ಚುವ ಶೇ 2ರ ದ್ರಾವಣ ಬಂದಾಗ 1988ರಲ್ಲಿ ಅನುಮತಿ ಸಿಕ್ಕಿದ್ದು ಗಂಡಸರಿಗೆ. ಹೆಂಗಸರಿಗೆ 1991ರಲ್ಲಿ. ಶೇ 5ರ ನೊರೆ ರೂಪ ಗಂಡಸರಿಗೆ 2006ರಲ್ಲಿ ಬಂದರೆ ಹೆಂಗಸರಿಗೆ 2014ರಲ್ಲಿ. ಅಂತರ ಮೊದಲು ಮೂರು ವರ್ಷ, ಆಮೇಲೆ ಎಂಟು ವರ್ಷ.

ಪುರಾವೆ ಮಾತ್ರ ಹೆಂಗಸರ ಪರವಾಗಿಯೇ ಇದೆ. ಸ್ತ್ರೀ ಮಾದರಿಯ ಕೂದಲುದುರುವಿಕೆಯ ಮೇಲಿನ 47 ಪರೀಕ್ಷೆಗಳನ್ನು, ಅವುಗಳಲ್ಲಿದ್ದ 5290 ಹೆಂಗಸರನ್ನು ಒಟ್ಟಿಗೆ ನೋಡಿದ 2016ರ ಕಾಕ್ರನ್ ವಿಮರ್ಶೆ, ಹಚ್ಚುವ ಮಿನಾಕ್ಸಿಡಿಲ್ ಹುಸಿಮದ್ದಿಗಿಂತ ಮೇಲು ಎಂದು ತೀರ್ಮಾನಿಸಿತು. ಶೇ 5ರ ನೊರೆಯನ್ನು ದಿನಕ್ಕೊಮ್ಮೆ ಹಚ್ಚುವುದು ಶೇ 2ರ ದ್ರಾವಣವನ್ನು ಎರಡು ಬಾರಿ ಹಚ್ಚುವುದಕ್ಕಿಂತ ಕಡಿಮೆಯಲ್ಲ ಎಂದು 2011ರ ಜರ್ಮನ್ ಪರೀಕ್ಷೆಯೊಂದು ತೋರಿಸಿತ್ತು. ಮನೆಗೆಲಸ, ತೋಟದ ಕೆಲಸದ ನಡುವೆ ದಿನಕ್ಕೆರಡು ಬಾರಿ ನೆನಪಿಟ್ಟುಕೊಳ್ಳಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ.

ಮದ್ದನ್ನು ಹಲವರು ಮೊದಲ ತಿಂಗಳುಗಳಲ್ಲೇ ಬಿಟ್ಟುಬಿಡುವುದುಂಟು. ಹಚ್ಚಲು ಶುರು ಮಾಡಿದ ಎರಡರಿಂದ ಎಂಟು ವಾರದೊಳಗೆ ಉದುರುವುದು ಜಾಸ್ತಿಯಾಗುವುದುಂಟು. ಸುಮ್ಮನಿದ್ದ ಬುಡಗಳು ಎಚ್ಚೆತ್ತು ಹಳೆಯ ಎಳೆಯನ್ನು ನೂಕುವುದರಿಂದ ಹಾಗಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆಂಗಸರು ಹೆದರಿ ನಿಲ್ಲಿಸಿಬಿಡಬಹುದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು; ಪೂರ್ತಿ ಅಂದಾಜಿಗೆ ಒಂದು ವರ್ಷ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಕೊಳೆರೋಗ ಬಾರದಂತೆ ಪ್ರತಿ ವರ್ಷ ಮಳೆಗಾಲದ ಮುಂಚೆ ಅಡಕೆಗೆ ಬೋರ್ಡೋ ದ್ರಾವಣ ಹೊಡೆಯುವ ಸೀಮೆಗೆ ಈ ಲೆಕ್ಕ ಬೇಗ ಅರ್ಥವಾಗಬೇಕು: ಕಳೆದ ವರ್ಷ ಹೊಡೆದದ್ದು ಈ ವರ್ಷದ ಫಸಲನ್ನು ಕಾಯುವುದಿಲ್ಲ.

ಇತ್ತೀಚಿನ ತಿರುವು ಹಳೆಯ ಗುಳಿಗೆಯೇ ಸಣ್ಣ ಪ್ರಮಾಣದಲ್ಲಿ ಮರಳಿದ್ದು. ಸಿಂಕ್ಲೇರ್ 2018ರಲ್ಲಿ ನೂರು ಹೆಂಗಸರಿಗೆ 0.25 ಮಿಲಿಗ್ರಾಂ ಮಿನಾಕ್ಸಿಡಿಲ್ ಜೊತೆ 25 ಮಿಲಿಗ್ರಾಂ ಸ್ಪೈರೊನೊಲ್ಯಾಕ್ಟೋನ್ ಕೊಟ್ಟ ಅನುಭವ ಪ್ರಕಟಿಸಿದರು. ಇಲ್ಲಿ ಮಾತ್ರ ದಾರಿ ತಿರುಗಿತು: ಕೂದಲಿಗಾಗಿ ಗುಳಿಗೆಯ ಈ ಹೊಸ ಬಳಕೆ ಹೆಂಗಸರಿಂದಲೇ ಬಲ ಪಡೆಯಿತು. 2020ರ ಬ್ರೆಜಿಲಿನ ಪರೀಕ್ಷೆಯಲ್ಲಿ 1 ಮಿಲಿಗ್ರಾಂ ಗುಳಿಗೆ, ಶೇ 5ರ ಹಚ್ಚುವ ಮದ್ದಿಗೆ ಸಮನಾಗಿ ನಿಂತಿತು. 2021ರಲ್ಲಿ ಸ್ಪೇನಿನ ವಾನ್ಯೊ-ಗಾಲ್ವಾನ್ ಮುಂದಾಳ್ತನದ ತಂಡ 1404 ಮಂದಿಯ ದಾಖಲೆ ನೋಡಿದಾಗ ಶೇ 15ರಷ್ಟು ಮಂದಿಗೆ ಮೈಮುಖದ ಮೇಲೆ ಕೂದಲು ಹೆಚ್ಚಿದ್ದು ಬಿಟ್ಟರೆ ಮಿಕ್ಕ ತೊಂದರೆಗಳು ವಿರಳ. ಆದರೂ ಇದು ಹೃದಯ, ರಕ್ತದೊತ್ತಡಕ್ಕೆ ಸಂಬಂಧಿಸಿದ ಗುಳಿಗೆ. ಕಾಲು ಬಾವು, ಎದೆ ಡವಡವ, ತಲೆಸುತ್ತು ಬರಬಹುದು. ಅಂಗಡಿಯಿಂದ ತಾವೇ ತಂದು ನುಂಗುವ ಮದ್ದು ಇದಲ್ಲ.

ಹಾರ್ಮೋನಿನ ದಾರಿ

1974ರಲ್ಲಿ ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ತಂಡ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಗಂಡಸರ ಬಗ್ಗೆ ವರದಿ ಮಾಡಿತು. ಆ ಗಂಡಸರು ಬೋಳಾಗುತ್ತಿರಲಿಲ್ಲ. ಅದೇ ಎಳೆ ಹಿಡಿದು ಬಂದ, ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ 1997ರಲ್ಲಿ ಗಂಡಸರ ಬೋಳುತನಕ್ಕೆ ಅನುಮತಿ ಪಡೆಯಿತು. ಹೆಂಗಸರಿಗೂ ಒದಗಬಹುದೆಂದು ವೆರಾ ಪ್ರೈಸ್ ಮತ್ತಿತರರು ಮುಟ್ಟು ನಿಂತ 137 ಹೆಂಗಸರಿಗೆ ದಿನಕ್ಕೆ 1 ಮಿಲಿಗ್ರಾಂನಂತೆ ಒಂದು ವರ್ಷ ಕೊಟ್ಟು ನೋಡಿದರು. 2000ದಲ್ಲಿ ಬಂದ ಫಲಿತಾಂಶ: ಪ್ರಯೋಜನವಿಲ್ಲ. ಗಂಡಸಿಗೆ ಕೆಲಸ ಮಾಡಿದ್ದು ಹೆಂಗಸಿಗೂ ಮಾಡುತ್ತದೆ ಎಂಬ ಅಂದಾಜು ಅಲ್ಲಿ ಬಿದ್ದುಹೋಯಿತು. ಎರಡರ ಬೇರು ಬೇರೆಯಿರಬಹುದು ಎಂಬ ಅನುಮಾನ ಬಲವಾಯಿತು. ಹೆಚ್ಚಿನ ಪ್ರಮಾಣದಲ್ಲಿ ಕೆಲವರಿಗೆ ಗುಣ ಕಂಡ ವರದಿಗಳು ಆಮೇಲೆ ಬಂದಿವೆ.

ಹೆಂಗಸರಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮೂತ್ರ ಹೆಚ್ಚಿಸುವ ಹಳೆಯ ಗುಳಿಗೆ ಸ್ಪೈರೊನೊಲ್ಯಾಕ್ಟೋನ್. ಅದಕ್ಕೆ ಆಂಡ್ರೋಜೆನ್ ತಡೆಯುವ ಗುಣವಿದೆ. ಸಿಂಕ್ಲೇರ್ ತಂಡ 2005ರಲ್ಲಿ 80 ಹೆಂಗಸರಿಗೆ ಆಂಡ್ರೋಜೆನ್ ತಡೆಯುವ ಮದ್ದು ಕೊಟ್ಟಾಗ (ಅರ್ಧ ಮಂದಿಗೆ ಇದು, ಇನ್ನರ್ಧಕ್ಕೆ ಸೈಪ್ರೊಟೆರೋನ್) ಶೇ 44 ಮಂದಿಗೆ ಕೂದಲು ಮರಳಿತು, ಶೇ 44 ಮಂದಿಗೆ ಇದ್ದಂತೇ ಉಳಿಯಿತು, ಶೇ 12 ಮಂದಿಗೆ ಇನ್ನೂ ಹೋಯಿತು. ಇದ್ದಂತೇ ಉಳಿದದ್ದೂ ಈ ಕಾಯಿಲೆಯಲ್ಲಿ ಗೆಲುವೇ. ರಕ್ತದೊತ್ತಡ, ಪೊಟ್ಯಾಸಿಯಂ, ಮೂತ್ರಪಿಂಡ ನೋಡಿಕೊಂಡು ಕೊಡಬೇಕಾದ ಮದ್ದಿದು. ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲವೆಂದೇನಿಲ್ಲ. ಸ್ಪೈರೊನೊಲ್ಯಾಕ್ಟೋನ್, ಫಿನಾಸ್ಟರೈಡ್ ಎರಡೂ ಗಂಡುಭ್ರೂಣಕ್ಕೆ ಹಾನಿ ಮಾಡಬಲ್ಲವು, ಹಾಗಾಗಿ ಗರ್ಭನಿರೋಧದ ಏರ್ಪಾಡು ಕಡ್ಡಾಯ.

ಮುಟ್ಟು ನಿಲ್ಲುವಾಗಿನ ಸೆಕೆ, ಬೆವರು, ನಿದ್ದೆಗೇಡಿಗೆ ಕೊಡುವ ಹಾರ್ಮೋನು ಚಿಕಿತ್ಸೆಯನ್ನು ಬರೀ ಕೂದಲಿಗಾಗಿ ಯಾರೂ ಕೊಡುವುದಿಲ್ಲ. ಬೇರೆ ಕಾರಣಕ್ಕೆ ತೆಗೆದುಕೊಳ್ಳುವವರಿಗೆ ಅದರಲ್ಲಿರುವ ಪ್ರೊಜೆಸ್ಟಿನ್ ಯಾವುದು ಎಂಬುದು ಮುಖ್ಯ. ಲೆವೊನಾರ್ಜೆಸ್ಟ್ರೆಲ್, ನೊರೆಥಿಸ್ಟೆರೋನ್‌ನಂಥವು ಆಂಡ್ರೋಜೆನ್ ಗುಣವುಳ್ಳವು, ಒಲವಿದ್ದವರ ಕೂದಲು ಇನ್ನಷ್ಟು ತೆಳುವಾಗಬಹುದು. ಅತಿಸ್ರಾವಕ್ಕೆ ಗುಳಿಗೆ ಬರೆಸಿಕೊಳ್ಳುವಾಗ ‘ಡಾಕ್ಟ್ರೇ, ಕೂದಲೂ ಹೋಗ್ತಾ ಇದೆ’ ಎಂದು ಹೇಳಲು ಸಂಕೋಚ ಬೇಡ.

ಹೊಸ ಯಂತ್ರ, ಹಳೆಯ ಎಣ್ಣೆ

ಕೆಂಪು ಬೆಳಕಿನ ಲೇಸರ್ ಬಾಚಣಿಗೆಗೆ ಅಮೆರಿಕದಲ್ಲಿ ಗಂಡಸರಿಗೆಂದು 2007ರಲ್ಲಿ, ಹೆಂಗಸರಿಗೆಂದು 2011ರಲ್ಲಿ ಒಪ್ಪಿಗೆ ಸಿಕ್ಕಿತು. ಸಣ್ಣ ಸೂಜಿಗಳ ಉರುಳೆಯಿಂದ ನೆತ್ತಿ ಚುಚ್ಚಿ ಮಿನಾಕ್ಸಿಡಿಲ್ ಹಚ್ಚುವ ವಿಧಾನವನ್ನು 2013ರಲ್ಲಿ ಪರೀಕ್ಷಿಸಿ ಗಮನ ಸೆಳೆದದ್ದು ಮುಂಬಯಿಯ ರಚಿತಾ ಧುರತ್ ತಂಡ. ಅಲ್ಲೂ ಭಾಗವಹಿಸಿದ ನೂರು ಮಂದಿ ಗಂಡಸರೇ. ತಮ್ಮದೇ ರಕ್ತದ ಪ್ಲಾಸ್ಮಾ ಚುಚ್ಚುವ ಪಿಆರ್‌ಪಿಯಿಂದ ಕೆಲವರಿಗೆ ಗುಣವಾಗಿದೆ, ಆದರೆ ತಯಾರಿಸುವ ವಿಧಾನ ಆಸ್ಪತ್ರೆಗೊಂದು ಬಗೆ, ಖರ್ಚೂ ದೊಡ್ಡದು. ಮುಖ್ಯ ಮದ್ದು ನಡೆಯುತ್ತಿರುವಾಗ ಇವು ಜೊತೆಗೆ ಬರಬಹುದು, ಅದರ ಬದಲಿಗೆ ಅಲ್ಲ. ಕೂದಲು ಕಸಿಗೆ ಹಿಂದಲೆ ದಟ್ಟವಾಗಿರಬೇಕು, ಹೆಂಗಸರಲ್ಲಿ ಅದೂ ತೆಳುವಾಗಿರುವುದುಂಟು.

ಬಯೋಟಿನ್ ಗುಳಿಗೆಯ ಜಾಹೀರಾತು ಈಗ ಎಲ್ಲ ಫೋನುಗಳಲ್ಲೂ ಇದೆ. ಅದರ ಕೊರತೆಯೇ ಅಪರೂಪ; ಕೊರತೆ ಇಲ್ಲದವರಿಗೆ ಕೂದಲು ಬೆಳೆದ ಪುರಾವೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಅಂಕಿ ತಪ್ಪಿಸುತ್ತದೆ ಎಂದು ಅಮೆರಿಕದ ಔಷಧ ಆಡಳಿತ 2017ರಲ್ಲಿ ಎಚ್ಚರಿಸಿದೆ. ಥೈರಾಯ್ಡ್ ನೋಡಿಸಿಕೊಳ್ಳಬೇಕಾದ ವಯಸ್ಸಿನಲ್ಲೇ ಪರೀಕ್ಷೆ ಹೀಗೆ ಕೈಕೊಡಬಹುದು.

ನಮ್ಮ ಕೊಬ್ಬರಿ ಎಣ್ಣೆಗೆ ವಿಜ್ಞಾನದ ಬೆಂಬಲವಿದೆ. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಅದು ತಡೆಯುತ್ತದೆ ಎಂದು ಮುಂಬಯಿಯ ರೇಲೆ ಮತ್ತು ಮೊಹಿಲೆ 2003ರಲ್ಲಿ ತೋರಿಸಿದರು. ಎಳೆ ತುಂಡಾಗದಂತೆ ಕಾಯುವ ಕೆಲಸ ಅದರದ್ದು, ಕುಗ್ಗಿದ ಬುಡವನ್ನು ಹಿಗ್ಗಿಸುವುದು ಅದರಿಂದಾಗದು. ಗರುಗದ ಮೇಲೆ ಪ್ರಾಣಿಗಳಲ್ಲಿ ನಡೆದ ಪ್ರಯೋಗಗಳು ಆಸೆ ಹುಟ್ಟಿಸುತ್ತವೆ. ನಡುವಯಸ್ಸಿನ ಹೆಂಗಸರ ಮೇಲೆ ದೊಡ್ಡ ಪರೀಕ್ಷೆ ನಡೆಯುವವರೆಗೆ ಅದನ್ನೇ ನಂಬಿ ವರ್ಷಗಟ್ಟಲೆ ಕಾಯುವುದು ದುಬಾರಿ. ಎಣ್ಣೆ ಬಿಡಬೇಕಿಲ್ಲ, ಅದರೊಂದಿಗೆ ಮದ್ದನ್ನೂ ಹಚ್ಚಬೇಕು.

ಮಲೆನಾಡಿನ ಮನೆಯಲ್ಲಿ ನಿಭಾಯಿಸುವುದು

ಮಿನಾಕ್ಸಿಡಿಲ್ ಒಣ ನೆತ್ತಿಗೆ ಬೀಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಇದು ಸುಲಭದ ಮಾತಲ್ಲ. ತಲೆಸ್ನಾನದ ದಿನ ಬಚ್ಚಲ ಒಲೆಯ ಮುಂದೆ ಕೂದಲು ಆರಿಸಿಕೊಂಡ ಮೇಲೆಯೇ ಮದ್ದು. ಬೈತಲೆ ತೆಗೆದು ಡ್ರಾಪರಿನಿಂದ ಹನಿ ಬಿಟ್ಟು ಬೆರಳಿನಿಂದ ಹರಡಬೇಕು. ಅದರ ಪಕ್ಕ ಬೆರಳಗಲ ಬಿಟ್ಟು ಇನ್ನೊಂದು ಗೆರೆ, ಮತ್ತೊಂದು ಗೆರೆ. ಒಂದು ಸಲಕ್ಕೆ ಒಂದು ಮಿಲಿ ಸಾಕು. ಕೂದಲಿಗೆ ಸುರಿದದ್ದು ವ್ಯರ್ಥ, ಚರ್ಮಕ್ಕೆ ತಾಗಬೇಕು. ಹಣೆಗೆ ಇಳಿದರೆ ಮುಖದಲ್ಲಿ ಕೂದಲು ಬರಬಹುದು, ಆದ್ದರಿಂದ ಒರೆಸಿ ಕೈ ತೊಳೆಯಬೇಕು. ಮಲಗುವುದಕ್ಕೆ ಎರಡು ತಾಸು ಮೊದಲು ಹಚ್ಚಿದರೆ ದಿಂಬಿಗೆ ಅಂಟುವುದಿಲ್ಲ. ಮದ್ದು ಹಚ್ಚಿ ನಾಲ್ಕು ತಾಸು ತಲೆ ತೊಳೆಯಬಾರದು. ಎಣ್ಣೆಯನ್ನು ಸ್ನಾನದ ಮುಂಚೆ ಹಚ್ಚಿ ತೊಳೆದುಬಿಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ವಿಶೇಷ ಎಚ್ಚರ ಬೇಕು: ಈ ದ್ರಾವಣ ನೆಕ್ಕಿದ ಬೆಕ್ಕು ಸಾಯಬಹುದು. ಬಸುರಿ, ಬಾಣಂತಿಯರು ಹಚ್ಚಬಾರದು.

ಬಿಗಿಯಾಗಿ ಎಳೆದು ಕಟ್ಟುವ ತುರುಬು, ಭಾರದ ಚೌರಿ, ಮಾರುದ್ದದ ಮಲ್ಲಿಗೆ ದಂಡೆ ಮೊದಲೇ ಸಪೂರವಾದ ಎಳೆಗಳನ್ನು ಬುಡದಲ್ಲೇ ಜಗ್ಗುತ್ತವೆ. ಸಡಿಲ ಜಡೆ ಒಳ್ಳೆಯದು. ಬೆಳ್ಳಗಾಗುವ ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ರಾಸಾಯನಿಕ ಬೆರೆತ ‘ಕಪ್ಪು ಮೆಹಂದಿ’ ಅಲರ್ಜಿ ಎಬ್ಬಿಸಿದರೆ ಉರಿಯ ಜೊತೆ ಉದುರುವಿಕೆಯೂ ಬರುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ, ಕಾಳು, ಸೊಪ್ಪು, ಅದರ ಮೇಲೆ ಲಿಂಬು ಹಿಂಡಿಕೊಳ್ಳುವ ರೂಢಿ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತವೆ. ಫೆರಿಟಿನ್ ಕಡಿಮೆಯಿದ್ದರೆ ಊಟವೊಂದೇ ಸಾಲದು, ಗುಳಿಗೆ ಬೇಕು.

ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್. ಕಿಮ್ಸ್ ಎಂದೇ ಜನ ಕರೆಯುವ ಅಲ್ಲಿನ ಆಸ್ಪತ್ರೆ, 2016ರಲ್ಲಿ ಶುರುವಾದ ಕಾರವಾರದ ವೈದ್ಯಕೀಯ ಕಾಲೇಜು ಇವು ಸೀಮೆಯ ಜನರಿಗೆ ಒದಗುವ ಸರಕಾರಿ ದೊಡ್ಡಾಸ್ಪತ್ರೆಗಳು. ಒಮ್ಮೆ ಚರ್ಮವೈದ್ಯರ ಬಳಿ ಹೋಗಿ ಯಾವ ಬಗೆಯ ನಷ್ಟ ಎಂದು ತಿಳಿದುಕೊಂಡು ಬಂದರೆ, ರಕ್ತಪರೀಕ್ಷೆ, ರಕ್ತದೊತ್ತಡದ ನಿಗಾ, ಮದ್ದಿನ ಮುಂದುವರಿಕೆ ತಾಲ್ಲೂಕು ಮಟ್ಟದಲ್ಲೇ ಆಗಬಲ್ಲವು. ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆ ಊರಿನ ಹತ್ತಿರ ಸಿಗದಿದ್ದರೆ ನಡೆಯುವುದೇ ಇಲ್ಲ.

ಇನ್ನು ಆಗಬೇಕಾದದ್ದು

ಭಾರತದಲ್ಲಿ ಕೂದಲು ವಿಜ್ಞಾನಕ್ಕೆಂದೇ ಪತ್ರಿಕೆ ಶುರುವಾದದ್ದು 2009ರಲ್ಲಿ. ಅಲ್ಲಿಂದೀಚೆ ಇಲ್ಲಿನ ತಲೆ, ಇಲ್ಲಿನ ಕೂದಲನ್ನು ಇಲ್ಲಿನವರೇ ಅಳೆಯುವ ಕೆಲಸ ಸಾಗಿದೆ. ಅದು ಚರ್ಮರೋಗ ವಿಭಾಗದ ಬಾಗಿಲೊಳಗೇ ಉಳಿಯಬಾರದು. ನಲವತ್ತು ದಾಟಿದ ಹೆಂಗಸು ಮುಟ್ಟಿನ ತೊಂದರೆ ಹೇಳಿಕೊಂಡು ಬಂದಾಗ ಸ್ತ್ರೀರೋಗ ವೈದ್ಯರು ಬೈತಲೆಯನ್ನೂ ಒಮ್ಮೆ ನೋಡಬೇಕು. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಹೆರಿಗೆ, ಲಸಿಕೆಗಳ ಜೊತೆ ಮುಟ್ಟು ನಿಲ್ಲುವ ವಯಸ್ಸಿಗೂ ಒಂದು ಪಾಠ ಇರಬೇಕು. ಹೊಸ ಮದ್ದಿನ ಪರೀಕ್ಷೆ ನಡೆಸುವವರು ಹೆಂಗಸರನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳದೆ ಮೊದಲ ಸುತ್ತಿನಲ್ಲೇ ಸೇರಿಸಿಕೊಳ್ಳಬೇಕು.

ಮನೆಯವರ ಪಾತ್ರವೂ ಇದೆ. ‘ಈ ವಯಸ್ಸಲ್ಲಿ ಕೂದಲು ಯಾಕೆ ಬೇಕು’ ಎಂಬ ಮಾತು ಎಷ್ಟೋ ಹೆಂಗಸರನ್ನು ಐದಾರು ವರ್ಷ ಹಿಂದಕ್ಕೆ ಹಾಕುತ್ತದೆ. ಆ ಐದಾರು ವರ್ಷವೇ ಬುಡಗಳನ್ನು ಉಳಿಸಿಕೊಳ್ಳಬಹುದಾದ ಕಾಲ. ಎಲ್ಲರಿಗೂ ಹದಿಹರೆಯದ ಜಡೆ ಮರಳಿ ಬರುವುದಿಲ್ಲ. ಅಂಥ ಭರವಸೆ ಕೊಡುವವರನ್ನು ನಂಬಬಾರದು. ಮದ್ದು ಬೇಡವೆಂದು ನಿರ್ಧರಿಸಿ ತೆಳುಗೂದಲಿನಲ್ಲೇ ನೆಮ್ಮದಿಯಾಗಿರುವುದೂ ಒಂದು ಆಯ್ಕೆ. ಆದರೆ ಆ ಆಯ್ಕೆ ಎಲ್ಲವನ್ನೂ ತಿಳಿದು ಅವಳೇ ಮಾಡಿದ್ದಾಗಿರಬೇಕು. ಇರುವುದನ್ನು ಉಳಿಸಿಕೊಳ್ಳಲು, ಹೋದದ್ದರಲ್ಲಿ ಸ್ವಲ್ಪವನ್ನು ಮರಳಿ ಪಡೆಯಲು ಬೇಕಾದ ತಿಳಿವಳಿಕೆ ಇವತ್ತು ಇದೆ. ಅದನ್ನು ಕೇಳಿ ಪಡೆಯುವ ಹಕ್ಕು ನಂದೊಳ್ಳಿಯ ಹೆಂಗಸಿಗೆ ಮೆಲ್ಬರ್ನಿನ ಹೆಂಗಸಿಗಿರುವಷ್ಟೇ ಇದೆ.